ಒತ್ತದ ಕೈ

ರೀಟಾ ಚಂಡಮಾರುತ ಕೊಲ್ಲಿಯ ನೀರಿನ ಮೇಲೆ ಗಂಟೆಗಂಟೆಗೂ ಮೈದುಂಬಿಕೊಳ್ಳುತ್ತ ಹ್ಯೂಸ್ಟನ್ ಕಡೆಗೇ ಬರುತ್ತಿದೆ ಎಂದು ಟೀವಿಯವರು ಹೇಳತೊಡಗಿದ ಮೇಲೆ ತುಂಗಾ ಕೂತಲ್ಲಿ ಕೂರಲಿಲ್ಲ. ಅಡುಗೆಮನೆಗೆ ಹೋಗುವಳು, ಬಂದದ್ದೇಕೆಂದು ಮರೆತು ಅಲ್ಲೇ ನಿಲ್ಲುವಳು, ಮತ್ತೆ ಟೀವಿಯ ಮುಂದೆ ಬರುವಳು. ಕತ್ರೀನಾ ಚಂಡಮಾರುತ ಬಂದು ನ್ಯೂ ಆರ್ಲಿಯನ್ಸನ್ನು ಮುಳುಗಿಸಿ ಇನ್ನೂ ತಿಂಗಳಾಗಿರಲಿಲ್ಲ. ಅಲ್ಲಿಂದ ಓಡಿಬಂದವರು ಇನ್ನೂ ಹ್ಯೂಸ್ಟನ್ನಿನಲ್ಲೇ ಇದ್ದರು. ಅವರ ಮುಖ ಕಂಡವರಿಗೆ ಈ ಸಲ ಮನೆಯಲ್ಲೇ ಕೂತು ನೋಡೋಣ ಎನ್ನುವ ಧೈರ್ಯ ಉಳಿದಿರಲಿಲ್ಲ. ತುಂಗಾಳ ಮನೆಯಿದ್ದ ಕ್ಲಿಯರ್ ಲೇಕ್ ಸಮುದ್ರಕ್ಕೆ ತೀರ ಹತ್ತಿರ. ಜಾಗ ಖಾಲಿ ಮಾಡಿ ಎಂಬ ಆಜ್ಞೆ ಬಂದೇಬಿಟ್ಟಿತು.

ಗಂಡ ಶಶಿಕಾಂತ್ ಡಲ್ಲಾಸ್ ಏರ್‌ಪೋರ್ಟಿನ ಪಕ್ಕದ ಯೂಲೆಸ್‌ನಿಂದ ಫೋನ್ ಮಾಡಿದ. ಹ್ಯೂಸ್ಟನ್ನಿನಲ್ಲಿ ಅವನ ಕಂಪನಿ ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದಾಗ ಅವನಿಗೆ ಡಲ್ಲಾಸ್ ಕಡೆ ಕೆಲಸ ಸಿಕ್ಕಿತ್ತು. ಅಂದಿನಿಂದ ಅಲ್ಲೊಂದು ಅಪಾರ್ಟ್‌ಮೆಂಟ್ ಮಾಡಿಕೊಂಡು, ಶುಕ್ರವಾರ ಬಂದು ಭಾನುವಾರ ಹೊರಡುವ ಸಂಸಾರ ಅವನದು. ಇಲ್ಲೇ ಹತ್ತಿರ ಕಾಪೆಲ್‌ನಲ್ಲಿ ಮನೆ ತಗೊಳ್ಳೋಣ, ಅಲ್ಲಿಯ ಶಾಲೆ ಚೆನ್ನಾಗಿದೆ, ನಮ್ಮವರೂ ಬೇಕಾದಷ್ಟಿದ್ದಾರೆ ಎಂದು ವರ್ಷದಿಂದ ಹೇಳುತ್ತಿದ್ದ. ತುಂಗಾ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಈಗ ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ.

"ಫಾರ್ಟಿಫೈವ್ ಹೈವೇ ಹಿಡದು ಸೀದಾ ಬಂದ್ಬಿಡು. ಒಂದ್ ರೀತಿಲೆ ಛಲೋನ ಆತು. ಸಾನ್ವಿ ಸಾಲಿ ಇಲ್ಲೇ ಶುರು ಮಾಡಿಬಿಡೋಣು."

ಬಟ್ಟೆ ಮಡಿಸುತ್ತಿದ್ದ ತುಂಗಾಳ ಕೈ ನಿಂತಿತು. ಜೀವ ಉಳಿಸಿಕೊಳ್ಳಲು ಹೊರಟದ್ದನ್ನು ಅವನು ಮನೆ ಶಿಫ್ಟ್ ಮಾಡುವುದಕ್ಕೆ ಸೇರಿಸಿಬಿಟ್ಟಿದ್ದ. ಆದರೆ ಅವನ ದನಿಯಲ್ಲಿ ಹೆದರಿಕೆಯೂ ಇತ್ತು. ಅದಕ್ಕೇ ಆಗಲಿ ಎಂದು ಫೋನ್ ಇಟ್ಟಳು. ಇಟ್ಟ ಮೇಲೆ ಆ ಮಾತು ಮನಸ್ಸಿನಲ್ಲಿ ಚುಚ್ಚುತ್ತ ಉಳಿಯಿತು.

ಅವಳು ಹ್ಯೂಸ್ಟನ್ ಬಿಡಲು ಒಪ್ಪದಿರುವುದಕ್ಕೆ ಅವಳ ಕೆಲಸವೇ ಕಾರಣ. ಆ ಕೆಲಸವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂದು ಅವಳಿಗೇ ತಿಳಿಯದು. ಮಗಳು ಸಾನ್ವಿ ಹುಟ್ಟಿದ ಮೇಲೆ ಅವಳಿಗೆ ಕುತ್ತಿಗೆಯಿಂದ ಹಣೆಯವರೆಗೆ ಎಳೆದು ಕಟ್ಟುವಂಥ ನೋವು ಹತ್ತಿತ್ತು. ಡಾಕ್ಟರು ಕೊಟ್ಟ ಮಾತ್ರೆಗಳೆಲ್ಲ ಮುಗಿದಿದ್ದವು. ಪಕ್ಕದ ಮನೆಯಾಕೆಯ ಮಾತು ಕೇಳಿ ಆಸ್ಟಿನ್ನಿಗೆ ಹೋಗಿ ಲೊರೇನ್ ಎಂಬ ಹೆಂಗಸಿನ ಟೇಬಲ್ಲಿನ ಮೇಲೆ ಮಲಗಿದಳು. ಲೊರೇನ್ ಮೊದಲು ನರ್ಸ್ ಆಗಿದ್ದವಳು. ಅವಳು ತಿಕ್ಕಲಿಲ್ಲ, ಎಣ್ಣೆ ಹಚ್ಚಲಿಲ್ಲ, ಮೂಳೆ ಲಟಕ್ಕೆನಿಸಲಿಲ್ಲ. ಬಟ್ಟೆ ತೊಟ್ಟೇ ಮಲಗಿದ್ದವಳ ತಲೆಯ ಕೆಳಗೆ ಎರಡೂ ಅಂಗೈ ಇಟ್ಟು, ಒಂದು ನಾಣ್ಯದಷ್ಟು ಭಾರ ಬಿಟ್ಟು ಸುಮ್ಮನೆ ಕಾದಳು. ಆ ದಿನ ತಾನು ನಿದ್ದೆ ಹೋದದ್ದು ತುಂಗಾಳಿಗೇ ಗೊತ್ತಾಗಲಿಲ್ಲ. ನೋವು ಒಂದೇ ದಿನಕ್ಕೆ ಹೋಗಲಿಲ್ಲ, ಆದರೆ ಅದರ ಗಂಟು ಎಲ್ಲಿದೆಯೆಂದು ಮೈಗೆ ಗೊತ್ತಾದ ಹಾಗಾಯಿತು. ಆಮೇಲೆ ವಾರದ ಕೊನೆಗಳಲ್ಲಿ ಆಸ್ಟಿನ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ ಅದನ್ನೇ ಕಲಿತಳು, ಲೈಸೆನ್ಸ್ ತಗೊಂಡಳು, ಕ್ಲಿಯರ್ ಲೇಕ್‌ನಲ್ಲಿ ಹಲ್ಲಿನ ಡಾಕ್ಟರೊಬ್ಬರ ಪಕ್ಕ ಒಂದು ಸಣ್ಣ ಕೋಣೆ ಬಾಡಿಗೆಗೆ ಹಿಡಿದಳು.

ಕನ್ನಡ ಸಂಘದ ಊಟಗಳಲ್ಲಿ ಯಾರಾದರೂ ಕೇಳಿದರೆ ಶಶಿಕಾಂತ್ 'ಫಿಸಿಯೋಥೆರಪಿ' ಎಂದುಬಿಡುತ್ತಿದ್ದ. ಒಮ್ಮೆ ತುಂಗಾ, ಅದಲ್ಲ, ನಾನು ಮಾಡೋದು ಬಾಡಿವರ್ಕ್, ಮಸಾಜಿನ ಲೈಸೆನ್ಸಿನಲ್ಲೇ ಬರುತ್ತೆ ಎಂದು ತಿದ್ದಿದಳು. ತಟ್ಟೆ ಹಿಡಿದು ಸುತ್ತ ನಿಂತಿದ್ದವರು ಪಲ್ಯ ಚೆನ್ನಾಗಿದೆ ಎಂದು ಮಾತು ಬದಲಿಸಿದರು. ಮನೆಗೆ ಬರುವ ದಾರಿಯಲ್ಲಿ ಶಶಿಕಾಂತ್ ಕಾರಿನ ರೇಡಿಯೋ ಜೋರು ಮಾಡಿದ. ಅವನು ಕೆಟ್ಟವನಲ್ಲ. ಮಸಾಜ್ ಎಂಬ ಶಬ್ದ ಕೇಳಿದ ಗಂಡಸರ ಕಣ್ಣಲ್ಲಿ ಏನು ಹಾದುಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೆ.

ಆದರೆ ಕಾಪೆಲ್ ಮಾತು ಶುರುವಾದಾಗಿನಿಂದ ತುಂಗಾಳ ಕೈಗೇ ಏನೋ ಆಗಿತ್ತು. ಈ ಕೆಲಸದಲ್ಲಿ ಕೈ ಏನನ್ನೂ ಕೇಳಬಾರದು. ಕೇಳಿದರೆ ಮಲಗಿದವರ ಮೈ ಬಾಗಿಲು ಹಾಕಿಕೊಳ್ಳುತ್ತದೆ ಎಂದು ಲೊರೇನ್ ಹೇಳುತ್ತಿದ್ದಳು. ತುಂಗಾಳ ಕೈ ಈಗ ಕೇಳತೊಡಗಿತ್ತು. ಬೇಗ ಸಡಿಲವಾಗು, ಬೇಗ ವಾಸಿಯಾಗು, ನಾನು ಇಲ್ಲೇ ಇರಬೇಕೆಂದು ತೋರಿಸಿಕೊಡು ಎಂದು. ಹೋದ ವಾರ ಮುದುಕಿಯೊಬ್ಬಳು ಟೇಬಲ್ಲಿನ ಮೇಲಿಂದ ಕಣ್ಣು ತೆರೆದು, ಇವತ್ತೇನು ಅವಸರದಲ್ಲಿದ್ದೀಯಾ ಎಂದು ಮೆಲ್ಲಗೆ ಕೇಳಿದ್ದಳು.

ಹೊರಡುವಾಗ ಕಾರಿನಲ್ಲಿ ಮೂವರು. ಹಿಂದಿನ ಸೀಟಿನಲ್ಲಿ ಮಗಳು ಸಾನ್ವಿ, ದಿಂಬು ಅಪ್ಪಿಕೊಂಡು. ಮುಂದೆ ತುಂಗಾಳ ಪಕ್ಕದಲ್ಲಿ ಮಾವ ಸಿದ್ರಾಮಪ್ಪ, ಕೊರಳಲ್ಲಿ ಲಿಂಗದ ಕರಡಿಗೆ, ಮಡಿಲಲ್ಲಿ ನೀರಿನ ಬಾಟಲಿ. ಬಿಜಾಪುರದ ಡಿಪೋದಲ್ಲಿ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಬಿಜಾಪುರದಿಂದ ಸೊಲ್ಲಾಪುರ, ಸೊಲ್ಲಾಪುರದಿಂದ ಬಿಜಾಪುರ, ಆಯುಷ್ಯವೆಲ್ಲ ಅದೇ ರಸ್ತೆ. ಆ ರಸ್ತೆಯ ಗುಂಡಿಗಳೆಲ್ಲ ಅವರ ಸೊಂಟದಲ್ಲಿ ಸೇರಿಕೊಂಡಿದ್ದವು. ಹೆಂಡತಿ ತೀರಿಕೊಂಡ ಮೇಲೆ ಮಗ ಒತ್ತಾಯ ಮಾಡಿ ಬೇಸಿಗೆಯಲ್ಲಿ ಕರೆಸಿಕೊಂಡಿದ್ದ. ಸೊಸೆ ಬೇರೆಯವರ ಮೈ ಮುಟ್ಟಿ ಕೆಲಸ ಮಾಡುತ್ತಾಳೆ ಎನ್ನುವುದು ಗೊತ್ತಿತ್ತು. ಅದರ ಬಗ್ಗೆ ಅವರು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಬೆಳಿಗ್ಗೆ ತಾವು ಗೋಡೆ ಹಿಡಿದು ಹಾಸಿಗೆಯಿಂದ ಏಳುವುದನ್ನು ಅವಳು ಕಂಡರೆ, ಮುಖ ತಿರುಗಿಸಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

ಊರು ದಾಟುವುದರೊಳಗೆ ಮಧ್ಯಾಹ್ನವಾಯಿತು. ಯಾವ ರಸ್ತೆ ನೋಡಿದರೂ ಕಾರು. ಮನೆಗಳನ್ನೇ ಕಟ್ಟಿಕೊಂಡು ಹೊರಟ ಹಾಗೆ ಜನ: ಹಾಸಿಗೆ ಹೊತ್ತ ಪಿಕಪ್ಪುಗಳು, ನಾಯಿಗಳು, ಕುದುರೆ ತುಂಬಿದ ಟ್ರೈಲರುಗಳು, ಹಗ್ಗದಲ್ಲಿ ಬಿಗಿದ ಫ್ರಿಜ್ಜು. ಫಾರ್ಟಿಫೈವ್ ಕಡೆಗೆ ತಿರುಗಬೇಕಾದ ಜಾಗ ಬಂದಾಗ ತುಂಗಾ ತಿರುಗಲಿಲ್ಲ. ಮುಂದೆ ಹೋಗಿ ಆಸ್ಟಿನ್ ಕಡೆಯ ಟೂ ನೈಂಟಿ ಹೆದ್ದಾರಿ ಹಿಡಿದಳು. ಆಸ್ಟಿನ್ನಿನ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಲೊರೇನ್ ಮನೆಯಿತ್ತು. ಯಾವತ್ತು ಬೇಕಾದರೂ ಬಾ ಎಂದು ಅವಳು ಹೇಳಿದ್ದೂ ಇತ್ತು.

ಸಿದ್ರಾಮಪ್ಪ ಮೇಲಿನ ಬೋರ್ಡು ಓದಿದರು.

"ಇದು ಡಲ್ಲಾಸ್ ಹಾದಿ ಅಲ್ಲಲ್ಲ?"

ಆ ದಾರಿ ಪೂರ್ತಿ ನಿಂತುಹೋಗಿದೆಯಂತೆ ಮಾವ, ಆಸ್ಟಿನ್ ಸುತ್ತಿಕೊಂಡು ಹೋಗೋಣ ಎಂದಳು ತುಂಗಾ. ಸುಳ್ಳೇನಲ್ಲ, ರೇಡಿಯೋದಲ್ಲಿ ಹಾಗೆಯೇ ಹೇಳಿದ್ದರು. ಸಿದ್ರಾಮಪ್ಪ ಬಾಟಲಿಯ ಮುಚ್ಚಳ ತೆರೆದು ಒಂದು ಗುಟುಕು ನೀರು ಕುಡಿದರು. ಆದರೆ ಸ್ವಲ್ಪ ಹೊತ್ತಿಗೆ ಈ ದಾರಿಯೂ ನಿಂತಿತು.

ಬಿಸಿಲು ಹೆಂಚಿನ ಹಾಗೆ ಕಾದಿತ್ತು. ಪೆಟ್ರೋಲ್ ಬಂಕುಗಳೆಲ್ಲ ಬರಿದಾಗಿ, ಪಂಪುಗಳ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಇದ್ದ ಪೆಟ್ರೋಲ್ ಉಳಿಯಲೆಂದು ತುಂಗಾ ಏಸಿ ಆರಿಸಿ ಕಿಟಕಿ ಇಳಿಸಿದಳು. ಒಂದು ಮಾರು ಮುಂದೆ, ಮತ್ತೆ ನಿಲುಗಡೆ. ಫೋನು ಹತ್ತುತ್ತಿರಲಿಲ್ಲ, ಹತ್ತಿದರೂ ಶಶಿಕಾಂತನ ದನಿಯ ಒಂದು ಚೂರು ಕೇಳಿ ಕತ್ತರಿಸಿಹೋಗುತ್ತಿತ್ತು. ಸಾನ್ವಿ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು: ಇನ್ನೆಷ್ಟು ದೂರ, ಮನೆ ಮುಳುಗುತ್ತಾ, ತನ್ನ ಮೀನಿಗೆ ಊಟ ಹಾಕುವವರು ಯಾರು. ತುಂಗಾ ಸ್ಟೀರಿಂಗನ್ನು ಬಿಗಿಯಾಗಿ ಹಿಡಿಯುವಳು, ಬಿಡುವಳು, ಕನ್ನಡಿಯಲ್ಲಿ ಹಿಂದಿನ ಆಕಾಶ ನೋಡುವಳು. ಅಲ್ಲಿ ಮೋಡದ ತುಣುಕೂ ಇರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ದಿಗಿಲಾಗುತ್ತಿತ್ತು.

ಸಿದ್ರಾಮಪ್ಪನವರ ಬಲಗಾಲು ಅವಳ ಕಣ್ಣಿಗೆ ಬಿದ್ದದ್ದು ಆಗ. ಮುಂದಿನ ಗಾಡಿಯ ಕೆಂಪು ದೀಪ ಹೊತ್ತಿದಾಗಲೆಲ್ಲ ಅವರ ಪಾದ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಇಲ್ಲ. ಆದರೂ ತೊಡೆಯವರೆಗೆ ಬಿಗಿದುಕೊಂಡು ಒತ್ತುತ್ತಿದ್ದರು. ಮುಂಜಾನೆಯಿಂದಲೂ ಇದೇ ನಡೆದಿರಬೇಕು. ಮಾವ, ಕಾಲು ಸಡಿಲ ಬಿಡಿ ಎನ್ನಬೇಕೆಂದುಕೊಂಡಳು. ಮನೆಯಲ್ಲೇ ಆಡದ ಮಾತನ್ನು ಇಲ್ಲಿ ಹೇಗೆ ಆಡುವುದೆಂದು ಮತ್ತೆ ರಸ್ತೆಯ ಕಡೆ ತಿರುಗಿದಳು.

ಹೆಂಪ್‌ಸ್ಟೆಡ್ ಊರಿನ ಹತ್ತಿರ ಬರುವಾಗ ಸಿದ್ರಾಮಪ್ಪ, ಒಂದಕ್ಕೆ ಹೋಗಬೇಕು, ಗಾಡಿ ನಿಂತೇ ಇದೆಯಲ್ಲ, ಒಂದು ಕ್ಷಣ ಇಳಿಯುತ್ತೇನೆ ಎಂದರು. ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು ಎದ್ದರು. ಎದ್ದವರು ಹಾಗೆಯೇ ಅರ್ಧಕ್ಕೆ ನಿಂತರು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಸೊಂಟದ ಮೇಲೆ. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ತುಂಗಾ ಇಳಿದು ಓಡಿಬಂದಳು. ಒಳಗೆ ಕೂರಿಸಲು ಆಗಲಿಲ್ಲ, ನಿಲ್ಲಿಸಲೂ ಆಗಲಿಲ್ಲ. ಹಿಂದಿನ ಟ್ರಕ್ಕಿನಿಂದ ಒಬ್ಬ ಎತ್ತರದ ಗಂಡಸು ಇಳಿದು ಬಂದು, ಏನೂ ಕೇಳದೆ ಅವರ ಇನ್ನೊಂದು ಭುಜಕ್ಕೆ ಹೆಗಲು ಕೊಟ್ಟ. ರಸ್ತೆಯಂಚಿನಲ್ಲಿ ಒಂದು ಬಿಳಿಯ ಸಣ್ಣ ಚರ್ಚು, ಅದರ ಹಿಂದೆ ದೊಡ್ಡ ಪೀಕಾನ್ ಮರವಿತ್ತು. ಊರಿನ ಹೆಂಗಸರು ಅಲ್ಲಿ ಮೇಜು ಹಾಕಿ ದಾರಿಹೋಕರಿಗೆ ಮಂಜುಗಡ್ಡೆ ನೀರು, ಕಲ್ಲಂಗಡಿ ಹೋಳು ಕೊಡುತ್ತಿದ್ದರು. ಮರದ ಕೆಳಗೆ ಬೆಡ್‌ಶೀಟ್ ಹಾಸಿ ಸಿದ್ರಾಮಪ್ಪನವರನ್ನು ಮಲಗಿಸಿ, ಮೊಣಕಾಲ ಕೆಳಗೆ ಬಟ್ಟೆಯ ಬ್ಯಾಗನ್ನು ಇಟ್ಟಳು. ಕಾರನ್ನು ಹುಲ್ಲಿನ ಮೇಲೆ ತಂದು ನಿಲ್ಲಿಸಿದಳು. ಆಂಬುಲೆನ್ಸಿಗೆ ಫೋನ್ ಮಾಡಲು ನೋಡಿದಳು, ಹತ್ತಲಿಲ್ಲ. ನೀರು ಕೊಡುತ್ತಿದ್ದ ಹೆಂಗಸೊಬ್ಬಳು, ಈ ಜಂಗುಳಿಯಲ್ಲಿ ಯಾವ ಗಾಡಿ ಬಂದೀತು ಮಗಳೇ ಎಂದು ತಲೆಯಾಡಿಸಿದಳು. ಕಾಲ್ಬೆರಳು ಆಡಿಸಿ ಎಂದು ತುಂಗಾ ಹೇಳಿದಾಗ ಸಿದ್ರಾಮಪ್ಪ ಆಡಿಸಿದರು. ಮರಗಟ್ಟಿಲ್ಲ, ಎದೆನೋವಿಲ್ಲ ಎಂದರು. ಸೊಂಟ ಹಿಡಿದುಕೊಂಡಿದೆ, ಅಷ್ಟೇ ಎಂದು ಅವಳಿಗೆ ಸ್ವಲ್ಪ ಸಮಾಧಾನವಾಯಿತು.

"ನಾನು ಕೈ ಇಟ್ಟು ನೋಡ್ಲಾ ಮಾವ?"

"ಬ್ಯಾಡ."

ಅವಳು ಪಕ್ಕದಲ್ಲಿ ಕೂತಳು. ನೋವಿನ ಇನ್ನೊಂದು ಅಲೆ ಬಂತು. ಸಿದ್ರಾಮಪ್ಪ ಹುಲ್ಲನ್ನು ಮುಷ್ಟಿಯಲ್ಲಿ ಕಿತ್ತರು. ಅದು ಇಳಿದ ಮೇಲೆ ಮರದ ಕೊಂಬೆಗಳನ್ನು ನೋಡುತ್ತಲೇ, ಸೊಸೆಯ ಕೈಯಿಂದ ಸೊಂಟ ಹಿಡಿಸಿಕೊಂಡರೆ ಮಂದಿ ಏನಂದಾರು ಎಂದರು. ತುಂಗಾ ಸುತ್ತ ನೋಡಿದಳು. ಬನಿಯನ್ನಿನಲ್ಲಿದ್ದ ಒಬ್ಬ ಗಿಣಿಯ ಪಂಜರಕ್ಕೆ ನೀರು ಚಿಮುಕಿಸುತ್ತಿದ್ದ. ಒಬ್ಬ ಬಸುರಿ ಕಾಲು ಚಾಚಿ ಕಲ್ಲಂಗಡಿ ತಿನ್ನುತ್ತಿದ್ದಳು. ಸಾನ್ವಿ ಚರ್ಚಿನ ಮೆಟ್ಟಿಲ ಮೇಲೆ ಯಾರದೋ ನಾಯಿಮರಿಯ ಕಿವಿ ಸವರುತ್ತಿದ್ದಳು. ಇಲ್ಲಿ ಯಾವ ಮಂದಿ ಇದ್ದಾರೆ ಮಾವ ಎಂದಳು. ಸಿದ್ರಾಮಪ್ಪ ಕಣ್ಣು ಮುಚ್ಚಿ, "ಇಡು" ಎಂದರು.

ತುಂಗಾ ಬಲಗೈಯನ್ನು ಅವರ ಸೊಂಟದ ಕೆಳಗೆ, ಬೆನ್ನೆಲುಬು ಮುಗಿಯುವ ಅಗಲ ಮೂಳೆಯ ಕೆಳಗೆ ಸರಿಸಿದಳು. ಧೋತರದ ಬಟ್ಟೆ ಬೆವರಿನಿಂದ ಒದ್ದೆಯಾಗಿತ್ತು. ಎಡಗೈಯನ್ನು ಹೊಟ್ಟೆಯ ಮೇಲೆ ಹಗುರವಾಗಿ ಇಟ್ಟಳು. ಇನ್ನು ಕಾಯಬೇಕು. ಕಲಿತದ್ದು ಅಷ್ಟೇ. ಕಾಯಲು ಕೂತವಳ ತಲೆಯಲ್ಲಿ ಮಾತ್ರ ಪೆಟ್ರೋಲಿನ ಮುಳ್ಳು, ಹಿಂದೆ ಬರುತ್ತಿರುವ ಗಾಳಿ, ಯೂಲೆಸ್‌ನಲ್ಲಿ ಫೋನ್ ಹಿಡಿದು ಅಡ್ಡಾಡುತ್ತಿರುವ ಗಂಡ. ಛಲೋನ ಆತು. ಯಾರಿಗೆ ಛಲೋ? ಕೋಣೆ ಬಿಟ್ಟು, ತನ್ನನ್ನು ನಂಬಿ ಬರುವವರನ್ನು ಬಿಟ್ಟು, ಅಲ್ಲಿ ಹೋಗಿ ಮತ್ತೆ ಫಿಸಿಯೋಥೆರಪಿ ಎಂದು ಹೇಳಿಸಿಕೊಂಡು ಇರುವುದೇ? ಅಂಗೈಯ ಮೇಲಿದ್ದ ಮೂಳೆ ಕಲ್ಲಿನಂತಿತ್ತು. ಎಷ್ಟು ಹೊತ್ತಾದರೂ ಏನೂ ಬದಲಾಗಲಿಲ್ಲ.

"ತುಂಗಾ, ನೀ ಒತ್ತಾಕತ್ತೀ."

"ಇಲ್ಲ ಮಾವ."

"ಒತ್ತಾಕತ್ತೀ. ಗಿಯರ್ ಬೀಳದಾಗ ಹೊಸಾ ಡ್ರೈವರ್ ಒತ್ತತಾನಲ್ಲ, ಹಂಗ. ಯಾರ ಮ್ಯಾಲ ಸಿಟ್ಟು?"

ತುಂಗಾ ಕೈ ತೆಗೆದಳು. ತೆಗೆದು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. ಬೆರಳುಗಳು ಕೆಂಪಾಗಿದ್ದವು. ಸುಮ್ಮನೆ ಇಟ್ಟ ಕೈ ಹಾಗಾಗುವುದಿಲ್ಲ. ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ, ಇಷ್ಟು ದಿನ ತಡೆದದ್ದು ಬಾಯಿಗೆ ಬಂತು.

"ನಂಗೆ ಡಲ್ಲಾಸ್‌ಗೆ ಹೋಗೋಕೆ ಇಷ್ಟ ಇಲ್ಲ ಮಾವ. ಆ ರಸ್ತೆ ನಿಂತಿದ್ದು ನಿಜ. ಆದ್ರೆ ನಿಲ್ದೇ ಇದ್ದಿದ್ರೂ ನಾನು ಈ ಕಡೇಗೇ ತಿರುಗಿಸ್ತಿದ್ದೆ."

ಮಾವನ ಮುಂದೆ ಗಂಡನ ಮಾತನ್ನು ಮೀರಿದೆನೆಂದು ಹೇಳಿಕೊಂಡಿದ್ದಳು, ಅದೂ ಅವರನ್ನು ಈ ಬಿಸಿಲಲ್ಲಿ ನೆಲದ ಮೇಲೆ ಮಲಗಿಸಿ. ಸಿದ್ರಾಮಪ್ಪ ಮುಷ್ಟಿಯಲ್ಲಿದ್ದ ಹುಲ್ಲನ್ನು ಕೆಳಗೆ ಬಿಟ್ಟರು. ಆಮೇಲೆ, ನನಗೂ ಬೋರ್ಡು ಓದಲು ಬರುತ್ತದೆ, ನೀನು ತಿರುಗದೆ ಮುಂದೆ ಹೋದಾಗಲೇ ಗೊತ್ತಾಯಿತು ಎಂದರು. ಶಶಿಗೆ ಹೇಳಿದ್ದೀಯಾ ಎಂದು ಕೇಳಿದರು. ಇಲ್ಲವೆಂದಳು.

"ಹೇಳು. ಮನಸ್ನ್ಯಾಗ ಇಟ್ಕೊಂಡ್ರ ಕೈಗೆ ಬರತೈತಿ. ಈಗ ಇನ್ನೊಮ್ಮೆ ಇಡು, ನೋಡೂಣು."

ಎರಡನೆಯ ಸಲ ಕೈಯಿಟ್ಟಾಗ ತುಂಗಾ ಏನನ್ನೂ ಮಾಡಲು ಹೋಗಲಿಲ್ಲ. ದಣಿದಿದ್ದಳು, ಮಾಡಲು ಶಕ್ತಿಯೂ ಉಳಿದಿರಲಿಲ್ಲ. ಕೈ ಅವರ ಭಾರಕ್ಕೆ ಹುಲ್ಲಿನಲ್ಲಿ ಹುದುಗಿತು. ರಸ್ತೆಯ ಹಾರ್ನ್‌ಗಳ ಸದ್ದು ದೂರವಾಗಲಿಲ್ಲ, ಬಿಸಿಲು ತಣ್ಣಗಾಗಲಿಲ್ಲ. ಆದರೆ ಎಡಗೈಯ ಕೆಳಗೆ ಅವರ ಹೊಟ್ಟೆ ಏರಿಳಿಯುವುದು ಮೊದಲ ಬಾರಿಗೆ ಅವಳಿಗೆ ತಿಳಿಯಿತು. ಎದೆಯ ಮೇಲ್ಗಡೆಯೇ ನಿಂತುಹೋಗುತ್ತಿದ್ದ ಉಸಿರು ಮೆಲ್ಲಮೆಲ್ಲಗೆ ಕೆಳಗಿಳಿಯಿತು. ಬಲಗೈಯ ಮೇಲಿನ ಮೂಳೆ ಸರಿಯಿತೋ, ಸುತ್ತಲಿನ ಸ್ನಾಯು ಸೋತಿತೋ, ಅದು ಒಂದು ಕೂದಲೆಳೆಯಷ್ಟು ಭಾರವಾಯಿತು. ಆಮೇಲೆ ಇನ್ನೂ ಸ್ವಲ್ಪ. ನೆಟ್ಟಗೆ ನಿಂತಿದ್ದ ಬಲಪಾದ ತಾನೇ ಹೊರಕ್ಕೆ ವಾಲಿತು. ಸಿದ್ರಾಮಪ್ಪ ಗೊರಕೆ ಹೊಡೆದರು.

ತುಂಗಾಳ ಕಾಲು ಜೋಮು ಹಿಡಿಯಿತು. ಆದರೂ ಕೈ ತೆಗೆಯಲಿಲ್ಲ. ನೆರಳು ಸರಿದು ಬಿಸಿಲು ಅವರ ಮುಖದ ಮೇಲೆ ಬಂದಾಗ ಸಿದ್ರಾಮಪ್ಪ ಎಚ್ಚರಗೊಂಡು, ಎಲ್ಲಿದ್ದೇನೆಂದು ತಿಳಿಯದವರಂತೆ ಸುತ್ತ ನೋಡಿದರು. ನಿನ್ನ ಅತ್ತೆ ಕಾಶವ್ವ ಇದ್ದಾಗ ಡ್ಯೂಟಿ ಮುಗಿಸಿ ಬಂದ ದಿನ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು, ಎರಡೂ ಕೈಲೆ ಹಿಟ್ಟು ನಾದಿದ ಹಾಗೆ ಎಂದರು. ಅವಳು ಹೋದ ಮೇಲೆ ಬೆನ್ನಿನ ಮೇಲೆ ಇನ್ನೊಬ್ಬರ ಕೈ ಬಿದ್ದಿರಲಿಲ್ಲವಂತೆ. ಇದು ಹಾಗಲ್ಲ, ನೀನು ಏನೂ ಮಾಡಲೇ ಇಲ್ಲವಲ್ಲ ಎಂದರು. ಅದು ದೂರೋ ಮೆಚ್ಚುಗೆಯೋ ತುಂಗಾಳಿಗೆ ತಿಳಿಯಲಿಲ್ಲ.

ನೋವು ಹೋಗಿರಲಿಲ್ಲ. ಆದರೆ ಮಗ್ಗುಲಾಗಿ, ಅವಳ ಭುಜ ಹಿಡಿದು, ಏಳಲು ಬಂತು. ಹತ್ತು ಹೆಜ್ಜೆ ನಡೆದು, ಮರದ ಹಿಂದೆ ಹೋಗಿ ಬಂದು, ಕಾರಿನ ಹತ್ತಿರ ನಿಂತರು. ಪಕ್ಕದ ಸೀಟಿನ ಬಾಗಿಲು ತೆರೆದರು, ಕೂರಲಿಲ್ಲ.

"ಈ ಕಡೆ ನೀ ಕೂಡ್ರು. ನಾ ಹೊಡೀತೀನಿ."

ಮಾವ, ನಿಮಗೆ ಇಲ್ಲಿಯ ಲೈಸೆನ್ಸ್ ಇಲ್ಲ, ಪೊಲೀಸರಿದ್ದಾರೆ ಎಂದು ತುಂಗಾ ಹೇಳಿದಳು. ಅಜ್ಜ ಓಡಿಸುವುದು ಕಾನೂನಿಗೆ ವಿರುದ್ಧ ಎಂದು ಸಾನ್ವಿಯೂ ಇಂಗ್ಲಿಷಿನಲ್ಲಿ ಹೇಳಿದಳು. ಸಿದ್ರಾಮಪ್ಪ ಮುಂದಿನ ಕ್ರಾಸಿನಲ್ಲಿ ಟೋಪಿ ತೆಗೆದು ಬೆವರೊರೆಸಿಕೊಳ್ಳುತ್ತಿದ್ದ ಪೊಲೀಸನನ್ನು ತೋರಿಸಿ, ಅವನಿಗೆ ಅವನದೇ ಸಾಕಾಗಿದೆ, ಇದು ಗಾಡಿ ಓಡಿಸುವುದೇ ಅಲ್ಲ, ಸಂತೆಯಲ್ಲಿ ಎತ್ತು ನಡೆಸಿದ ಹಾಗೆ ಎಂದರು. ಪಕ್ಕದಲ್ಲಿ ಕೂತರೆ ನನ್ನ ಕಾಲು ಸುಮ್ಮನಿರುವುದಿಲ್ಲ, ಕೂತೂ ಕೂತೂ ಅದರಿಂದಲೇ ಹೀಗಾದದ್ದು ಎಂದೂ ಹೇಳಿದರು. ತುಂಗಾಳಿಗೆ ಎದುರಾಡಲು ತ್ರಾಣವಿರಲಿಲ್ಲ. ಮುಂಜಾನೆಯಿಂದ ಕಣ್ಣು ಉರಿಯುತ್ತಿತ್ತು. ಟವೆಲ್ ಸುತ್ತಿ ಅವರ ಸೊಂಟದ ಹಿಂದೆ ಇಟ್ಟಳು. ಗಿಯರ್ ಎಲ್ಲಿ, ಬ್ರೇಕ್ ಎಲ್ಲಿ, ಎಡಗಾಲಿಗೆ ಇಲ್ಲಿ ಕೆಲಸವಿಲ್ಲ ಎಂದು ತೋರಿಸಿದಳು. ಬಸ್ಸಿನವರಿಗೆ ಇದು ಆಟದ ಸಾಮಾನು ಎನ್ನುವಂತೆ ಅವರು ತಲೆಯಾಡಿಸಿದರು.

ಮೊದಲು ಅವಳ ಕಾಲೇ ನೆಲ ಒತ್ತತೊಡಗಿತು. ಆದರೆ ಸಿದ್ರಾಮಪ್ಪ ಮುಂದಿನ ಗಾಡಿಗೆ ಅಂಟದೆ, ಬಹಳ ಹಿಂದೆಯೂ ಉಳಿಯದೆ, ಒಂದೇ ಹದದಲ್ಲಿ ತೆವಳಿಸುತ್ತಿದ್ದರು. ಕುಲುಕೇ ಇರಲಿಲ್ಲ. ಯಾರಾದರೂ ನಡುವೆ ನುಗ್ಗಿದರೆ ಕೈ ಬೀಸಿ ಬಿಟ್ಟುಕೊಡುತ್ತಿದ್ದರು. ಹಿಂದಿನಿಂದ ಸಾನ್ವಿ, ಅಜ್ಜ ಇಸ್ ಗುಡ್ ಎಂದು ಹೇಳಿದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ತುಂಗಾ ನಿದ್ದೆ ಹೋಗಿದ್ದಳು.

ಬ್ರೆನ್‌ಹಮ್ ಊರಿನ ಹತ್ತಿರ ಸಂಚಾರ ಬಿಡಿಸಿಕೊಳ್ಳತೊಡಗಿದಾಗ ಸಿದ್ರಾಮಪ್ಪ ತಾವೇ ಬದಿಗೆ ಹಚ್ಚಿ ಅವಳನ್ನು ಎಬ್ಬಿಸಿದರು. ಇನ್ನು ವೇಗ ಬರುತ್ತದೆ, ಇಲ್ಲಿಂದ ನಿನ್ನದು ಎಂದರು. ಇಳಿಯುವಾಗ ಬಾಗಿಲು ಹಿಡಿದು ನಿಧಾನ ಇಳಿದರು, ಆದರೆ ಇಳಿದರು. ಬೆಳಗಾಗುವ ಹೊತ್ತಿಗೆ ಫ್ಲೂಗರ್‌ವಿಲ್ ಸೇರಿದರು. ಲೊರೇನ್ ಬಾಗಿಲಲ್ಲೇ ನಿಂತಿದ್ದಳು. ಸಿದ್ರಾಮಪ್ಪನವರಿಗೆ ಮೊದಲು ಮಲಗುವ ಜಾಗ, ಆಮೇಲೆ ಮಾತು ಎಂದಳು.

ಲೊರೇನ್ ಮನೆಯಿಂದ ತುಂಗಾ ಮಾಡಿದ ಫೋನ್ ಹತ್ತಿ, ಶಶಿಕಾಂತ್ ಅದೇ ದಿನ ಯೂಲೆಸ್‌ನಿಂದ ಡ್ರೈವ್ ಮಾಡಿಕೊಂಡು ಬಂದ. ಕಾರಿನಿಂದ ಇಳಿದವನ ಭುಜಗಳು ಕಿವಿಯ ಹತ್ತಿರವಿದ್ದವು. ಮಗಳನ್ನು ಎತ್ತಿಕೊಂಡ, ಅಪ್ಪನ ಕಾಲು ಮುಟ್ಟಿದ, ತುಂಗಾಳ ಕಡೆ ತಿರುಗಿ, ಯಾಕೆ ಆಸ್ಟಿನ್‌ಗೆ ಬಂದೆ ಎಂದು ಕೇಳಿದ. ಇಬ್ಬರೂ ಹಿತ್ತಲಿನ ಬೇಲಿಯ ಬಳಿಗೆ ಹೋದರು. ತುಂಗಾಳಿಗೆ ಮತ್ತೆ ಸುಮ್ಮನಿದ್ದುಬಿಡೋಣ ಎನ್ನಿಸಿತು. ಕೈ ಸೆರಗಿನ ಅಂಚು ಹುಡುಕಿತು, ತೊಟ್ಟದ್ದು ಚೂಡಿದಾರ.

"ನಾನು ಡಲ್ಲಾಸ್‌ಗೆ ಬರಲ್ಲ. ಬರಲ್ಲ ಅಂತ ವರ್ಷದ ಹಿಂದೇನೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಆ ಮೈ ಹಿಡಿಯೋ ಕೆಲಸಕ್ಕ?"

"ಹೌದು. ಅದಕ್ಕೇ."

ಶಶಿಕಾಂತ್ ಬೇಲಿಯ ಹಲಗೆಯನ್ನು ಉಗುರಿನಿಂದ ಕೆರೆದ. ನಿನ್ನೆಯಿಡೀ ಫೋನ್ ಹಚ್ಚಿ ಹಚ್ಚಿ ಸಾಕಾಗಿತ್ತು, ನೀವು ಮೂವರೂ ಎಲ್ಲೋ ರಸ್ತೆಯಲ್ಲಿ ಸತ್ತೇ ಹೋದಿರಿ ಅಂದುಕೊಂಡಿದ್ದೆ, ವಾರವಾರವೂ ನಿಮ್ಮನ್ನು ಬಿಟ್ಟು ಹೋಗುವಾಗ ಇದೇ ಭಯ ಎಂದ. ಭಾನುವಾರ ಸಂಜೆ ಹೊರಡುವಾಗ ಒಂದೊಂದು ಸಲ ದಾರಿಯಲ್ಲೇ ಗಾಡಿ ನಿಲ್ಲಿಸಿ ಕೂತಿರುತ್ತೇನೆ, ಗೊತ್ತೇನು ಎಂದ. ತುಂಗಾಳಿಗೆ ಗೊತ್ತಿರಲಿಲ್ಲ. ಅವಳಿಗೆ ಕನಿಕರ ಬಂತು, ಆದರೆ ಆಡಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ನೀನು ಹ್ಯೂಸ್ಟನ್ನಿನಲ್ಲೇ ಕೆಲಸ ನೋಡಬಹುದಲ್ಲ ಎಂದಳು. ಕೆಲಸ ಮರದಲ್ಲಿ ಬಿಡುತ್ತದೇನು ಎಂದು ಅವನು ಸಿಡುಕಿದ. ಜಗಳ ಮುಗಿಯಲಿಲ್ಲ, ಸಾನ್ವಿ ಬಂದದ್ದರಿಂದ ನಿಂತಿತು ಅಷ್ಟೆ.

ಚಂಡಮಾರುತ ಕೊನೆಯ ಗಳಿಗೆಯಲ್ಲಿ ಪೂರ್ವಕ್ಕೆ ಹೊರಳಿ ಲೂಸಿಯಾನಾ ಗಡಿಯಲ್ಲಿ ಅಪ್ಪಳಿಸಿತು. ಅಲ್ಲಿಯವರ ಮನೆಗಳು ಹೋದವು. ಕ್ಲಿಯರ್ ಲೇಕ್‌ನ ಮನೆಯ ಮೇಲೆ ಒಂದು ಕೊಂಬೆ ಬಿದ್ದಿತ್ತು, ಅಷ್ಟೆ. ಶಶಿಕಾಂತ್ ಅವರನ್ನು ಹ್ಯೂಸ್ಟನ್ನಿಗೆ ಬಿಟ್ಟು ಯೂಲೆಸ್‌ಗೆ ಹೋದ. ಅಪ್ಪನನ್ನು ಜೊತೆಗೆ ಕರೆದ. ಸಿದ್ರಾಮಪ್ಪ, ವಿಮಾನ ಹತ್ತುವವರೆಗೆ ಇಲ್ಲೇ ಇರುತ್ತೇನೆ, ಸೊಂಟಕ್ಕ ಬೇಕಾದ್ದು ಇಲ್ಲೇ ಐತಿ ಎಂದರು. ಮಗನಿಗೆ ಬೇರೇನೂ ಹೇಳಲಿಲ್ಲ. ಅವರು ತನ್ನ ಪರವಾಗಿ ಮಾತಾಡಲಾರರೆಂದು ತುಂಗಾಳಿಗೆ ಗೊತ್ತಿತ್ತು, ಆದರೂ ಆಡಲಿ ಎಂದು ಬಯಸಿದ್ದಳು. ಆಮೇಲೆ, ತನ್ನ ಮಾತನ್ನು ತಾನೇ ಆಡಿದ್ದು ಒಳ್ಳೆಯದಾಯಿತು ಎನ್ನಿಸಿತು.

ಆ ವಾರ ಅವಳ ಫೋನಿಗೆ ಪುರುಸೊತ್ತಿರಲಿಲ್ಲ. ಇಡೀ ಊರೇ ದಿನಗಟ್ಟಲೆ ಕಾರಿನಲ್ಲಿ ಕೂತು ಬಂದಿತ್ತು. ಯಾರದು ನೋಡಿದರೂ ಕುತ್ತಿಗೆ, ಸೊಂಟ, ಭುಜ. ಸಂಘದ ಊಟದಲ್ಲಿ ಪಲ್ಯದ ಮಾತೆತ್ತಿದ್ದ ಕೃಷ್ಣವೇಣಿ ಆಂಟಿಯೂ ಬಂದರು. ಟೇಬಲ್ಲಿನ ಮೇಲೆ ಮಲಗಿ ಬಾಯ್ತುಂಬ ಮಾತಾಡಿದರು, ತಲೆಯ ಕೆಳಗೆ ಕೈಯಿಟ್ಟ ಮೇಲೆ ಸುಮ್ಮನಾದರು. ಕೆಲವು ದಿನ ತುಂಗಾಳ ಕೈ ಬೇಗ ಶಾಂತವಾಗುತ್ತಿತ್ತು, ಕೆಲವು ದಿನ ಇಲ್ಲ. ಆಗದ ದಿನ ಅವಳು ತೆಗೆದು, ಉಸಿರು ಬಿಟ್ಟು, ಮತ್ತೆ ಇಡುತ್ತಿದ್ದಳು. ಸಿದ್ರಾಮಪ್ಪ ಮನೆಯಲ್ಲಿ ಚಾಪೆಯ ಮೇಲೆ ಮಲಗಿ, ಇವತ್ತು ಒತ್ತಾಕತ್ತೀ, ಇವತ್ತು ಇಲ್ಲ ಎಂದು ಹೇಳುತ್ತಿದ್ದರು. ಚಳಿಗಾಲ ಶುರುವಾದಾಗ ಊರಿಗೆ ಹೋದರು. ಗೋಡೆ ಹಿಡಿದು ಏಳುವುದು ಪೂರ್ತಿ ಹೋಗಿರಲಿಲ್ಲ, ಆದರೆ ಮುಖ ತಿರುಗಿಸುವುದು ಹೋಗಿತ್ತು.

ಶಶಿಕಾಂತನಿಗೆ ಮರುವರ್ಷ ಬೇರೆ ಕೆಲಸ ಸಿಕ್ಕಿತು. ಹ್ಯೂಸ್ಟನ್ನಿನಲ್ಲಲ್ಲ, ಆಸ್ಟಿನ್ನಿನಲ್ಲಿ. ದಾರಿ ಸ್ವಲ್ಪ ಕಡಿಮೆಯಾಯಿತು, ಶುಕ್ರವಾರ-ಭಾನುವಾರ ಹಾಗೆಯೇ ಉಳಿಯಿತು. ಕಾಪೆಲ್ ಮಾತು ನಿಂತಿತು. ಈಗ ಅವನು ಫ್ಲೂಗರ್‌ವಿಲ್ ಮನೆಗಳ ಮಾತಾಡುತ್ತಾನೆ. ತುಂಗಾ ಈಗ ಸುಮ್ಮನಿರುವುದಿಲ್ಲ, 'ಈಗಲೇ ಬೇಡ' ಎನ್ನುತ್ತಾಳೆ.

ಒಂದು ಶುಕ್ರವಾರ ಮಧ್ಯಾಹ್ನ ಅವನು ಮನೆಗೆ ಹೋಗದೆ ನೇರವಾಗಿ ಅವಳ ಕೋಣೆಗೆ ಬಂದ. ಯಾರಾದರೂ ಇದ್ದಾರೇನು ಎಂದು ಕೇಳಿ, ಇಲ್ಲವೆಂದಾಗ ಬಾಗಿಲಲ್ಲೇ ನಿಂತ. ಕುತ್ತಿಗೆ ತಿರುಗವಲ್ದು ಎಂದ. ಶೂಸ್ ಬಿಚ್ಚದೆ ಟೇಬಲ್ಲಿನ ಮೇಲೆ ಮಲಗಿದ, ಎದೆಯ ಮೇಲೆ ಮೊಬೈಲ್ ಇಟ್ಟುಕೊಂಡು. ತುಂಗಾ ಮೊಬೈಲನ್ನೂ ತೆಗೆಯಲಿಲ್ಲ, ಶೂಸನ್ನೂ ಬಿಚ್ಚಲಿಲ್ಲ. ತಲೆಯ ಹತ್ತಿರ ಸ್ಟೂಲ್ ಎಳೆದು ಕೂತು ಅಂಗೈಗಳನ್ನು ಕೆಳಗೆ ಸರಿಸಿದಳು. ಅವನ ತಲೆ ಅವಳ ಕೈಗೆ ಬರಲಿಲ್ಲ. ತಾನೇ ಎತ್ತಿ ಹಿಡಿದುಕೊಂಡಿದ್ದ. ಕಾಲ್ಬೆರಳುಗಳು ಶೂಸಿನೊಳಗೆ ಆಡುತ್ತಿದ್ದವು. ಮೊಬೈಲ್ ನಡುಗಿತು. ಸ್ವಲ್ಪ ಹೊತ್ತಿಗೇ ಅವನು ಎದ್ದು ಕೂತು, ನನ್ನ ಕೈಲೆ ಆಗೂದಿಲ್ಲ ತುಂಗಾ, ಚಹಾ ಕುಡಿಯೋಣು ನಡಿ ಎಂದ.

ಮುಂದಿನ ಶುಕ್ರವಾರವೂ ಬಂದ. ಆ ದಿನ ಶೂಸ್ ಬಿಚ್ಚಿದ.